ಐಸ್‌ಫೀಲ್ಡ್ಸ್ ಪಾರ್ಕ್‌ವೇ ಕಾರು ಪ್ರವಾಸ, ಅಥಬಾಸ್ಕಾ ಹಿಮನದಿ ನಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದ ರಾಕೀಸ್ ಪರ್ವತಗಳ ಈ ದಾರಿಯ ಬಗ್ಗೆ ಬೆಂಗಳೂರಿನಿಂದ ಹೊರಡುವವರೂ ಕೇಳುತ್ತಾರೆ, ಟೊರಾಂಟೊ, ಕ್ಯಾಲ್ಗರಿಯಲ್ಲಿರುವ ಮಕ್ಕಳ ಮನೆಗೆ ಬಂದ ಹಿರಿಯರೂ ಕೇಳುತ್ತಾರೆ. ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ. ಸುಲಭದವನ್ನು ಮೊದಲಿಟ್ಟು ಇಲ್ಲಿ ಒಟ್ಟುಮಾಡಿದ್ದೇವೆ. ಬೇರೆ ಹೇಳದಿದ್ದರೆ, ಕಿಲೋಮೀಟರ್ ಲೆಕ್ಕವೆಲ್ಲ ದಕ್ಷಿಣ ತುದಿಯ ಲೇಕ್ ಲೂಯಿಸ್‌ನಿಂದ.

## ಹೊರಡುವ ಮೊದಲು

ಐಸ್‌ಫೀಲ್ಡ್ಸ್ ಪಾರ್ಕ್‌ವೇ ಅಂದ್ರೆ ಯಾವ ರಸ್ತೆ? ಹಿಮನದಿ ರಸ್ತೆ ಪಕ್ಕದಲ್ಲೇ ಇದೆಯಾ?

ಆಲ್ಬರ್ಟಾ ಪ್ರಾಂತ್ಯದಲ್ಲಿ ಲೇಕ್ ಲೂಯಿಸ್‌ನಿಂದ ಜಾಸ್ಪರ್ ಪೇಟೆಗೆ ಹೋಗುವ 232 ಕಿ.ಮೀ. ರಸ್ತೆ. ಫಲಕಗಳಲ್ಲಿ ಹೈವೇ 93 ಎಂದಿರುತ್ತದೆ. ಬ್ಯಾನ್ಫ್ ಮತ್ತು ಜಾಸ್ಪರ್ ರಾಷ್ಟ್ರೀಯ ಉದ್ಯಾನಗಳ ಒಳಗೇ ಹಾಯುವುದರಿಂದ ನಡುವೆ ಒಂದು ಊರೂ ಸಿಗುವುದಿಲ್ಲ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಕಳೆದುಕೊಂಡವರಿಗೆ ಕೂಲಿ ಸಿಗಲೆಂದು ಶುರುವಾದ ಕಾಮಗಾರಿ ಇದು. 1940ರಲ್ಲಿ ಸಂಚಾರಕ್ಕೆ ತೆರೆಯಿತು. ಸರಕು ಲಾರಿಗಳಿಗೆ ಪ್ರವೇಶವಿಲ್ಲದ್ದರಿಂದ ಓಡಿಸಲು ಹಿತ.

ಸುಮಾರು 127ನೇ ಕಿಲೋಮೀಟರಿನಲ್ಲಿ ಕೊಲಂಬಿಯಾ ಐಸ್‌ಫೀಲ್ಡ್ ಕೇಂದ್ರವಿದೆ. ರಸ್ತೆಯ ಒಂದು ಬದಿಗೆ ಕಟ್ಟಡ, ಎದುರು ಬದಿಗೆ ಅಥಬಾಸ್ಕಾ ಹಿಮನದಿ. ಕಾರಿನಿಂದ ಇಳಿಯುವಾಗಲೇ ಕಾಣುತ್ತದೆ. ಆದರೆ ಅದರ ಬುಡ ಮುಟ್ಟಲು ಎದುರಿನ ಇನ್ನೊಂದು ಪಾರ್ಕಿಂಗಿಗೆ ಹೋಗಿ, ಅಲ್ಲಿಂದ ಜಲ್ಲಿಕಲ್ಲಿನ ಏರು ಹತ್ತಬೇಕು.

232 ಕಿ.ಮೀ. ತಾನೆ? ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರಬಹುದಲ್ವಾ?

ಮ್ಯಾಪ್ 3 ಗಂಟೆ ತೋರಿಸುತ್ತದೆ. ಎಲ್ಲೂ ನಿಲ್ಲಿಸದೆ ಓಡಿಸಿದರೆ ಅದು ನಿಜವೂ ಹೌದು. ಹಿಮನದಿ ನಡಿಗೆಯೂ ಇದ್ದರೆ ಹೋಗಿಬರುವ 464 ಕಿ.ಮೀ. ಒಂದೇ ದಿನಕ್ಕೆ ಆಗದ ಮಾತು. ಕನಿಷ್ಠ ಎರಡು ಹಗಲು, ಒಂದು ರಾತ್ರಿ ಇಟ್ಟುಕೊಳ್ಳಿ. ಮೂರು ದಿನವಿದ್ದರೆ ಆತುರವಿಲ್ಲ.

ಎರಡು ದಿನದ್ದಾದರೆ ಹೆಚ್ಚಿನವರು ದಾರಿಯುದ್ದಕ್ಕೂ ನಿಲ್ಲಿಸುತ್ತಾ ಹೋಗಿ ನಡಿಗೆಯ ಹೊತ್ತಿಗೆ ಏದುಸಿರು ಬಿಡುತ್ತಾರೆ. ಅದನ್ನು ತಿರುಗಿಸಿ. ಮೊದಲು ಹಿಮನದಿ ನಡಿಗೆಯ ಸಮಯ ಗೊತ್ತುಮಾಡಿ, ಉಳಿದ ಪ್ರಯಾಣವನ್ನು ಅದರ ಸುತ್ತ ಹೆಣೆಯಿರಿ. ನಡಿಗೆ 10.30ಕ್ಕೆ ಇದೆಯೆಂದರೆ ಲೇಕ್ ಲೂಯಿಸ್‌ನಿಂದ 7 ಗಂಟೆಗೇ ಹೊರಟು, ಬೋ ಕೆರೆಯ ಬಳಿ ಮಾತ್ರ ಹತ್ತು ನಿಮಿಷ ನಿಂತು, ಸೀದಾ ಐಸ್‌ಫೀಲ್ಡ್ ಸೇರಿ. ಮಧ್ಯಾಹ್ನದ ಮೇಲೆ ಉತ್ತರದ ಎರಡು ಜಲಪಾತ ನೋಡಿ ಜಾಸ್ಪರ್‌ನಲ್ಲಿ ರಾತ್ರಿ ಕಳೆಯಿರಿ. ಮರುದಿನ ಹಿಂದಿರುಗುವಾಗ ಕೆರೆ, ಕಣಿವೆಗಳಿಗೆ ಇಡೀ ಹಗಲು ಸಿಗುತ್ತದೆ.

ಯಾವ ತಿಂಗಳು ಒಳ್ಳೇದು? ಮೇ ರಜೆಯಲ್ಲಿ ಬಂದರೆ ನಡೆಯುತ್ತಾ?

ನಮ್ಮ ಶಾಲೆಗಳ ಏಪ್ರಿಲ್–ಮೇ ರಜೆ ಈ ಊರಿಗೆ ಹೊಂದುವುದಿಲ್ಲ. ಮೇ ತಿಂಗಳಲ್ಲಿ ಬೋ, ಪೆಯ್ಟೊ ಕೆರೆಗಳ ಮೇಲೆ ಇನ್ನೂ ಮಂಜುಗಡ್ಡೆ ಹೆಪ್ಪುಗಟ್ಟಿರುತ್ತದೆ. ಫೋಟೋದಲ್ಲಿ ನೋಡಿದ ಹಸಿರು-ನೀಲಿ ಬಣ್ಣದ ಬದಲು ಬಿಳಿ ಹಾಸು ಕಂಡು ಪೆಚ್ಚಾಗುತ್ತೀರಿ. ಗೈಡ್ ಜೊತೆಗಿನ ನಡಿಗೆಗಳು ಮೇ ಕೊನೆ ಅಥವಾ ಜೂನ್‌ನಿಂದ ಸೆಪ್ಟೆಂಬರ್ ಕೊನೆವರೆಗೆ ನಡೆಯುತ್ತವೆ.

ಕೆರೆಗಳ ಬಣ್ಣ ಗಾಢವಾಗುವುದು ಜುಲೈ ನಡುವಿನಿಂದ ಆಗಸ್ಟ್‌ವರೆಗೆ. ಜನಜಂಗುಳಿಯೂ ಆಗಲೇ. ಕಾಡ್ಗಿಚ್ಚಿನ ಹೊಗೆ ಬಂದು ಬೆಟ್ಟ ಮುಚ್ಚುವ ಅಪಾಯವೂ ಅದೇ ತಿಂಗಳುಗಳಲ್ಲಿ. ನಮ್ಮನ್ನು ಕೇಳಿದರೆ ಸೆಪ್ಟೆಂಬರ್‌ನ ಮೊದಲ ಮೂರು ವಾರ: ಜನ ಕಡಿಮೆ, ಬಣ್ಣ ಇನ್ನೂ ಇರುತ್ತದೆ, ಹಿಮನದಿಯ ಮೇಲ್ಮೈ ಹಿಮ ಕರಗಿ ಬಿರುಕುಗಳು ಕಣ್ಣಿಗೆ ಕಾಣುತ್ತವೆ. ಇಲ್ಲಿ ಯಾವ ತಿಂಗಳಲ್ಲೂ ಹಿಮ ಬೀಳಬಹುದು ಎಂಬುದನ್ನು ಮರೆಯಬೇಡಿ.

ದೊಡ್ಡ ಚಕ್ರದ ಬಸ್ಸಲ್ಲಿ ಹೋಗೋದು, ಗೈಡ್ ಜೊತೆ ನಡೆಯೋದು, ಎರಡೂ ಒಂದೇನಾ?

ಅಲ್ಲ. ಐಸ್ ಎಕ್ಸ್‌ಪ್ಲೋರರ್ ಎಂಬ ಆಳೆತ್ತರದ ಚಕ್ರಗಳ ವಾಹನ 32 ಶೇಕಡಾ ಇಳಿಜಾರಿನ ದಾರಿಯಲ್ಲಿ ಇಳಿದು ಹಿಮನದಿಯ ಮೇಲೆ ನಿಲ್ಲುತ್ತದೆ. ಅಲ್ಲಿ ಸಮತಟ್ಟು ಮಾಡಿ ಗುರುತು ಹಾಕಿದ ಒಂದು ಅಂಗಳದೊಳಗೆ ಸ್ವಲ್ಪ ಹೊತ್ತು ಓಡಾಡಿ ಹಿಂದಿರುಗುತ್ತೀರಿ. ಗೈಡ್ ನಡಿಗೆಯಲ್ಲಿ ಬುಡದಿಂದ ಕಾಲ್ನಡಿಗೆಯಲ್ಲೇ ಹತ್ತುತ್ತೀರಿ. ಮಂಜುಗಡ್ಡೆ ಕೊರೆದು ಹರಿಯುವ ತೊರೆಗಳು, ನೀಲಿ ಬಿರುಕುಗಳು, ನೀರು ಸುಳಿಸುಳಿದು ಬಾವಿಗೆ ಬಿದ್ದಂತೆ ಒಳಗಿಳಿಯುವ ರಂಧ್ರಗಳು ನೋಡಸಿಗುವುದು ಇದರಲ್ಲಿ. ನಡೆಯಲು ಶಕ್ತಿಯಿದ್ದವರು ಬಸ್ಸಿಗೆ ದುಡ್ಡು ಕೊಡಬೇಕಿಲ್ಲ.

ಅಪ್ಪ-ಅಮ್ಮನಿಗೆ ಎಪ್ಪತ್ತು ದಾಟಿದೆ, ಮಗಳಿಗೆ ಆರು. ಇವರನ್ನ ಏನು ಮಾಡೋದು?

ಅವರಿಗೆ ಬಸ್ಸೇ ಸರಿ. ನಡಿಗೆಗೆ ಹೋಗುವವರು ಹೋಗಲಿ, ಆ ಹೊತ್ತಿಗೆ ಹಿರಿಯರು ಮಗುವಿನ ಜೊತೆ ಬಸ್ ಪ್ರವಾಸ ಮುಗಿಸಿ ಕೇಂದ್ರದಲ್ಲಿ ಕಾಫಿ ಕುಡಿಯುತ್ತಿರಬಹುದು. ಬಸ್ ಟಿಕೆಟ್ ಜೊತೆ ಸ್ಕೈವಾಕ್ ಎಂಬ ಗಾಜಿನ ನೆಲದ ಕಟ್ಟೆಯನ್ನೂ ಸೇರಿಸಿ ಮಾರುತ್ತಾರೆ. ಸುನ್ವಾಪ್ಟಾ ಕಣಿವೆಯಿಂದ 280 ಮೀ. ಎತ್ತರ. ತಲೆಸುತ್ತು ಇರುವವರಿಗೆ ಬೇಡ.

ನಡಿಗೆಗೆ ಕನಿಷ್ಠ ವಯಸ್ಸು ನಡೆಸುವ ಸಂಸ್ಥೆಯ ಮೇಲಿದೆ, ಸಣ್ಣ ನಡಿಗೆಗೆ ಸಾಮಾನ್ಯವಾಗಿ 7–8 ವರ್ಷ. ಮಗು ಚುರುಕಾಗಿದೆ ಎಂದು ವಾದಿಸಿ ಉಪಯೋಗವಿಲ್ಲ. ಕಾಲಿಗೆ ಕಟ್ಟುವ ಮುಳ್ಳುಪಟ್ಟಿ ಚಿಕ್ಕ ಶೂಗೆ ಬಿಗಿಯಾಗಿ ಕೂರುವುದಿಲ್ಲ, ಅದು ಕಳಚಿದರೆ ಮಗು ಜಾರುತ್ತದೆ. ಹಿರಿಯರಿಗೆ ವಯಸ್ಸಿನ ಮಿತಿ ಬೇರೆ, ಮಂಡಿಯ ಮಿತಿ ಬೇರೆ: ಸಡಿಲ ಕಲ್ಲಿನ ಇಳಿಜಾರಿನಲ್ಲಿ ಮೂರು ಗಂಟೆ ನಡೆಯಬಲ್ಲರೇ ಎಂಬುದೊಂದೇ ಪ್ರಶ್ನೆ.

ಅಷ್ಟು ಎತ್ತರದಲ್ಲಿ ಉಸಿರಾಟದ ತೊಂದರೆ ಬರಲ್ವಾ? ಲಡಾಖ್‌ನಲ್ಲಿ ಒದ್ದಾಡಿದ್ದೆವು.

ಬರುವುದಿಲ್ಲ ಎನ್ನಬಹುದು. ಐಸ್‌ಫೀಲ್ಡ್ ಕೇಂದ್ರ ಇರುವುದು ಸುಮಾರು 2,000 ಮೀ. ಎತ್ತರದಲ್ಲಿ, ಅಂದರೆ ಮುಳ್ಳಯ್ಯನಗಿರಿಯ ತುದಿಗಿಂತ ಒಂದಿಷ್ಟೇ ಮೇಲೆ. ಪಕ್ಕದ ಸುನ್ವಾಪ್ಟಾ ಪಾಸ್ 2,035 ಮೀ. ಆಯಾಸವಾದರೆ ಅದಕ್ಕೆ ಕಾರಣ ನಿದ್ದೆಗೇಡು. ಬೇಸಿಗೆಯಲ್ಲಿ ಇಲ್ಲಿಯ ಗಡಿಯಾರ ಭಾರತಕ್ಕಿಂತ ಹನ್ನೊಂದೂವರೆ ಗಂಟೆ ಹಿಂದೆ, ಹಗಲು-ರಾತ್ರಿ ಪೂರ್ತಿ ಅದಲುಬದಲು. ವಿಮಾನ ಇಳಿದ ಮರುದಿನವೇ ಸ್ಟಿಯರಿಂಗ್ ಹಿಡಿಯಬೇಡಿ.

ವೀಸಾಕ್ಕೆ ಏನು ಮಾಡಬೇಕು?

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಸಂದರ್ಶಕ ವೀಸಾ ಬೇಕು. ಅರ್ಜಿ ಆನ್‌ಲೈನ್, ಶುಲ್ಕ 100 ಕೆನಡಿಯನ್ ಡಾಲರ್, ಬೆರಳಚ್ಚು ಮತ್ತು ಫೋಟೋಗೆ ಇನ್ನೂ 85. ಬೆರಳಚ್ಚನ್ನು ಬೆಂಗಳೂರಿನಲ್ಲೇ ಕೊಡಬಹುದು. ತೀರ್ಮಾನಕ್ಕೆ ಹಿಡಿಯುವ ಸಮಯ ಏರಿಳಿಯುತ್ತಿರುತ್ತದೆ. ವೀಸಾ ಕೈಗೆ ಬರುವವರೆಗೆ ಹಣ ವಾಪಸ್ ಸಿಗುವ ರೂಮುಗಳನ್ನಷ್ಟೇ ಬುಕ್ ಮಾಡಿ.

## ಕಾರು, ರಸ್ತೆ, ಊಟ, ವಸತಿ

ನಮ್ಮ ಕರ್ನಾಟಕದ ಡಿಎಲ್ ಅಲ್ಲಿ ನಡೆಯುತ್ತಾ? ಕಾರು ಬಾಡಿಗೆಗೆ ಇನ್ನೇನು ಕೇಳ್ತಾರೆ?

ಪ್ರವಾಸಿಗಳು ತಮ್ಮ ದೇಶದ ಚಾಲ್ತಿ ಲೈಸೆನ್ಸಿನಲ್ಲೇ ಆಲ್ಬರ್ಟಾದಲ್ಲಿ ಓಡಿಸಬಹುದು. ನಮ್ಮ ಸ್ಮಾರ್ಟ್ ಕಾರ್ಡಿನಲ್ಲಿ ಇಂಗ್ಲಿಷ್ ಇರುವುದರಿಂದ ಅನುವಾದ ಬೇಕಿಲ್ಲ. ಆದರೂ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ. ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಕೌಂಟರಿನಲ್ಲಿ ಕೂತವರು ಕೇಳಿದಾಗ ವಾದ ತಪ್ಪುತ್ತದೆ. ಮೂಲ ಲೈಸೆನ್ಸ್ ಜೊತೆಗಿರಲೇಬೇಕು, ಮೊಬೈಲಿನ ಡಿಜಿಲಾಕರ್ ಪ್ರತಿಯನ್ನು ಯಾರೂ ಒಪ್ಪುವುದಿಲ್ಲ.

ಜನ ಎಡವುವುದು ಕ್ರೆಡಿಟ್ ಕಾರ್ಡಿನಲ್ಲಿ. ಕಾರನ್ನು ಯಾರ ಹೆಸರಿಗೆ ಬುಕ್ ಮಾಡಿದ್ದೀರೋ ಅವರದೇ ಹೆಸರಿನ ಕಾರ್ಡ್ ಬೇಕು. ಗಂಡನ ಹೆಸರಿನ ಬುಕಿಂಗಿಗೆ ಹೆಂಡತಿಯ ಕಾರ್ಡ್ ಕೊಟ್ಟರೆ ಕಾರು ಸಿಗುವುದಿಲ್ಲ. ಠೇವಣಿಗೆಂದು ದೊಡ್ಡ ಮೊತ್ತವನ್ನು ಕೆಲವು ದಿನ ತಡೆಹಿಡಿಯುತ್ತಾರೆ, ಕಾರ್ಡಿನ ಮಿತಿ ನೋಡಿಕೊಳ್ಳಿ. ಬ್ಯಾಂಕ್ ಆ್ಯಪಿನಲ್ಲಿ ವಿದೇಶಿ ವಹಿವಾಟು ತೆರೆದಿಡಿ. ಆರು ವರ್ಷದೊಳಗಿನ, 18 ಕೆ.ಜಿ.ವರೆಗಿನ ಮಗುವಿಗೆ ಮಕ್ಕಳ ಸೀಟು ಕಡ್ಡಾಯ. ಕ್ಯಾಲ್ಗರಿಯಲ್ಲಿ ಕಾರು ತಗೊಂಡು ಬೇರೆ ಊರಲ್ಲಿ ಬಿಟ್ಟರೆ ಹೆಚ್ಚುವರಿ ಶುಲ್ಕ ಬೀಳುತ್ತದೆ.

ಬಲಗಡೆ ಓಡಿಸಿ ಅಭ್ಯಾಸವೇ ಇಲ್ಲ. ಕಷ್ಟ ಆಗುತ್ತಾ?

ಪಾರ್ಕ್‌ವೇಯಲ್ಲಿ ಕಷ್ಟವಿಲ್ಲ, ಕಷ್ಟ ಕ್ಯಾಲ್ಗರಿಯಿಂದ ಹೊರಬೀಳುವಾಗ. ನೇರ ರಸ್ತೆಯಲ್ಲಿ ಯಾರೂ ತಪ್ಪುವುದಿಲ್ಲ. ಪೆಟ್ರೋಲ್ ಬಂಕ್ ಅಥವಾ ಪಾರ್ಕಿಂಗಿನಿಂದ ಹೊರಬರುವಾಗ, ಎದುರಿಗೆ ಗಾಡಿಯಿಲ್ಲದ ಹೊತ್ತಲ್ಲಿ, ಕೈ ತಾನಾಗಿ ಎಡಕ್ಕೆ ತಿರುಗಿಸುತ್ತದೆ. ಪಕ್ಕದ ಸೀಟಿನವರಿಗೆ ಆ ಕ್ಷಣ ‘ಬಲ’ ಎಂದು ಕೂಗುವ ಕೆಲಸ ಕೊಡಿ. ಇಂಡಿಕೇಟರ್ ಬದಲು ವೈಪರ್ ಹಾಕುವುದು ಮೊದಲ ದಿನ ಎಲ್ಲರಿಗೂ ಆಗುವಂಥದ್ದು.

ನಾಲ್ಕೂ ಕಡೆ ಸ್ಟಾಪ್ ಫಲಕವಿರುವ ಕೂಡುರಸ್ತೆಯಲ್ಲಿ ಚಕ್ರ ಪೂರ್ತಿ ನಿಲ್ಲಬೇಕು, ಮೊದಲು ಬಂದು ನಿಂತವರು ಮೊದಲು ಹೋಗಬೇಕು. ಇಲ್ಲಿ ಹಾರ್ನ್ ಹೊಡೆದರೆ ಬೈದಂತೆ. ಪಾರ್ಕ್‌ವೇಯಲ್ಲಿ ವೇಗದ ಮಿತಿ ಹೆಚ್ಚಿನ ಕಡೆ ಗಂಟೆಗೆ 90 ಕಿ.ಮೀ., ಸಸ್ಕಾಚೆವಾನ್ ಕ್ರಾಸಿಂಗ್ ಮತ್ತು ಐಸ್‌ಫೀಲ್ಡ್ ಕೇಂದ್ರದ ಹತ್ತಿರ 50. ನಿಧಾನ ಹೋಗಬೇಕೆನಿಸಿದರೆ ಬದಿಯ ತಂಗುತಾಣಕ್ಕೆ ಇಳಿಸಿ ಹಿಂದಿನವರಿಗೆ ದಾರಿ ಬಿಡಿ.

ಪೆಟ್ರೋಲ್ ಎಲ್ಲೆಲ್ಲಿ ಸಿಗುತ್ತೆ?

ನಡುದಾರಿಯಲ್ಲಿ ಒಂದೇ ಕಡೆ: 77ನೇ ಕಿ.ಮೀ. ಹತ್ತಿರದ ಸಸ್ಕಾಚೆವಾನ್ ಕ್ರಾಸಿಂಗ್. ಬೆಲೆ ಪೇಟೆಗಿಂತ ಬಹಳ ಹೆಚ್ಚು, ಚಳಿಗಾಲದಲ್ಲಿ ಮುಚ್ಚಿರುತ್ತದೆ. ಲೇಕ್ ಲೂಯಿಸ್ ಅಥವಾ ಜಾಸ್ಪರ್‌ನಲ್ಲಿ ಟ್ಯಾಂಕ್ ತುಂಬಿಸಿಯೇ ಹೊರಡಿ. ಬಂಕಿನಲ್ಲಿ ಹಾಕಿಕೊಡುವವರು ಸಾಮಾನ್ಯವಾಗಿ ಇರುವುದಿಲ್ಲ. ಪಂಪಿನ ಯಂತ್ರ ನಮ್ಮ ಕಾರ್ಡನ್ನು ಒಪ್ಪದಿದ್ದರೆ ಒಳಗೆ ಹೋಗಿ ಪಂಪಿನ ನಂಬರ್ ಹೇಳಿ ಹಣ ಕಟ್ಟಿ. ಇಲ್ಲಿ ಪೆಟ್ರೋಲಿಗೆ ಗ್ಯಾಸ್ ಎನ್ನುತ್ತಾರೆ. ಬಾಡಿಗೆ ಕಾರಿಗೆ 87 ಎಂದು ಬರೆದ ರೆಗ್ಯುಲರ್ ಸಾಕು.

ಮೊಬೈಲ್ ಸಿಗ್ನಲ್ ಇರುತ್ತಾ?

ಹೆಚ್ಚಿನ ದಾರಿಯಲ್ಲಿ ಇಲ್ಲ. ಇದರಿಂದ ಮೂರು ತೊಂದರೆ: ಮ್ಯಾಪ್ ನಿಲ್ಲುತ್ತದೆ, ಇಮೇಲಿನ ಟಿಕೆಟ್ ತೆರೆಯುವುದಿಲ್ಲ, ಎರಡು ಕಾರಲ್ಲಿ ಹೊರಟವರು ಒಬ್ಬರನ್ನೊಬ್ಬರು ಕಳೆದುಕೊಳ್ಳುತ್ತಾರೆ. ಹಿಂದಿನ ರಾತ್ರಿಯೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ, ಟಿಕೆಟ್ಟಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ‘ಇಷ್ಟು ಗಂಟೆಗೆ ಇಂಥ ಪಾರ್ಕಿಂಗ್’ ಎಂದು ಮಾತಾಡಿಕೊಳ್ಳಿ. ರಸ್ತೆಯ ಸ್ಥಿತಿಯನ್ನು 511 ಆಲ್ಬರ್ಟಾ ಎಂಬ ರಸ್ತೆ ಮಾಹಿತಿ ತಾಣದಲ್ಲಿ ನೋಡಬಹುದು, ಅದೂ ಹೊರಡುವ ಮೊದಲೇ. ತುರ್ತು ಸಂಖ್ಯೆ 911, ಆದರೆ ಸಿಗ್ನಲ್ ಇಲ್ಲದ ಕಡೆ ಹೋಗುವುದಿಲ್ಲ. ನಿಮ್ಮ ಫೋನಿನಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯವಿದ್ದರೆ ಅದನ್ನು ಮನೆಯಲ್ಲೇ ಒಮ್ಮೆ ಕಲಿತುಕೊಳ್ಳಿ.

ಪಾರ್ಕ್ ಪಾಸ್ ಬೇಕಾ? ನಡಿಗೆ ಟಿಕೆಟ್‌ನಲ್ಲೇ ಸೇರಿರಲ್ವಾ?

ಸೇರಿರುವುದಿಲ್ಲ. ಪಾರ್ಕ್‌ವೇಗೆ ಬರುವ ಪ್ರತಿ ಗಾಡಿಗೂ ಪಾರ್ಕ್ಸ್ ಕೆನಡಾ ಪಾಸ್ ಬೇಕು, ಎರಡೂ ತುದಿಯ ಗೇಟಿನಲ್ಲಿ ಸಿಗುತ್ತದೆ. ಒಂದೇ ಗಾಡಿಯಲ್ಲಿ ಏಳು ಜನರವರೆಗೆ ಕುಟುಂಬದ ಪಾಸ್ ಸಾಕು, 17 ವರ್ಷದವರೆಗಿನವರಿಗೆ ಉಚಿತ. ದಿನದ ಪಾಸ್ ಮರುದಿನ ಸಂಜೆ 4ರವರೆಗೆ ನಡೆಯುತ್ತದೆ. ರಾಷ್ಟ್ರೀಯ ಉದ್ಯಾನಗಳಲ್ಲಿ ಒಟ್ಟು ಏಳು ದಿನ ಅಥವಾ ಹೆಚ್ಚು ಇರುತ್ತೀರಾದರೆ ವಾರ್ಷಿಕ ಡಿಸ್ಕವರಿ ಪಾಸೇ ಅಗ್ಗ. ಕೆಲವು ಬೇಸಿಗೆಗಳಲ್ಲಿ ಸರ್ಕಾರವೇ ಪ್ರವೇಶ ಉಚಿತ ಮಾಡುತ್ತದೆ. 2025ರಲ್ಲಿ ಜೂನ್ 20ರಿಂದ ಸೆಪ್ಟೆಂಬರ್ 2ರವರೆಗೆ ಹಾಗೆ ಮಾಡಿತ್ತು. ಕೊಳ್ಳುವ ಮೊದಲು ಅಧಿಕೃತ ತಾಣ ನೋಡಿ.

ನಿಲ್ಲಿಸೋ ಜಾಗ ನೂರಾರಿವೆ. ಯಾವುದನ್ನ ಬಿಡಬಾರದು, ಯಾವುದನ್ನ ಬಿಟ್ಟರೆ ನಷ್ಟ ಇಲ್ಲ?

ಬೋ ಕೆರೆ, ಸುಮಾರು 37ನೇ ಕಿ.ಮೀ. ರಸ್ತೆ ಪಕ್ಕದಲ್ಲೇ. ಗಾಳಿ ಏಳುವ ಮೊದಲು ಬೆಟ್ಟದ ಪ್ರತಿಬಿಂಬ ಬೀಳುತ್ತದೆ, ಆದ್ದರಿಂದ ಬೆಳಿಗ್ಗೆ ಬೇಗ.

ಪೆಯ್ಟೊ ಕೆರೆ, 42ನೇ ಕಿ.ಮೀ. ಆಸುಪಾಸು. ಪಾರ್ಕಿಂಗಿನಿಂದ ಡಾಂಬರು ಹಾಕಿದ ಏರುದಾರಿಯಲ್ಲಿ 15 ನಿಮಿಷ. ಕೆರೆಯ ಮೇಲೆ ಬಿಸಿಲು ಬೀಳಲು ಹೊತ್ತೇರಬೇಕು, ಸೂರ್ಯೋದಯಕ್ಕೇ ಓಡಿಹೋದವರಿಗೆ ಸಿಗುವುದು ನೆರಳು. ಕೆರೆಗಿರುವ ತೋಳದ ತಲೆಯ ಆಕಾರ ಇಲ್ಲಿಂದಲೇ ಕಾಣುವುದು.

ಮಿಸ್ಟಾಯಾ ಕೊರಕಲು, 71ನೇ ಕಿ.ಮೀ. ಹತ್ತಿರ. ಕೆಳಗಿಳಿಯಲು ಹತ್ತು ನಿಮಿಷ. ನೀರು ಸುಣ್ಣಕಲ್ಲನ್ನು ಕೊರೆದು ತಿರುಚಿದ ಪರಿ ಹತ್ತಿರದಿಂದ ನೋಡಬಹುದು. ಅಂಚಿಗೆ ಕಟಕಟೆಯಿಲ್ಲ, ಕಲ್ಲು ನುಣುಪು, ಮಕ್ಕಳ ಕೈ ಬಿಡಬೇಡಿ.

ಪಾರ್ಕರ್ ರಿಡ್ಜ್, 117ನೇ ಕಿ.ಮೀ. ಹತ್ತಿರ. ಒಂದು ಬದಿಗೆ 2.7 ಕಿ.ಮೀ., 250 ಮೀ. ಏರು. ತುದಿಗೆ ಬಂದಾಗ ಆಚೆ ಬದಿಯಲ್ಲಿ ಸಸ್ಕಾಚೆವಾನ್ ಹಿಮನದಿ ಉದ್ದಕ್ಕೆ ಚಾಚಿ ಮಲಗಿರುತ್ತದೆ. ಕೊಲಂಬಿಯಾ ಐಸ್‌ಫೀಲ್ಡ್ ಎಂಬ ಹಿಮಹರವಿನಿಂದ ಇಳಿಯುವ ಹಿಮನದಿಗಳಲ್ಲಿ ಇದೇ ದೊಡ್ಡದು. ಎರಡು ಗಂಟೆ ಉಳಿದಿದ್ದರೆ ಸ್ಕೈವಾಕ್ ಬಿಟ್ಟು ಇದನ್ನು ಮಾಡಿ. ದುಡ್ಡೂ ಉಳಿಯುತ್ತದೆ.

ಉತ್ತರಕ್ಕೆ ಸುನ್ವಾಪ್ಟಾ ಜಲಪಾತ (175) ಮತ್ತು ಅಥಬಾಸ್ಕಾ ಜಲಪಾತ (199). ಎತ್ತರಕ್ಕೆ ಹೋಲಿಸಿದರೆ ಜೋಗ ಕಂಡವರಿಗೆ ಎರಡೂ ಕುಳ್ಳ. ಅಥಬಾಸ್ಕಾದಲ್ಲಿ ನೋಡಬೇಕಾದ್ದು ಇಡೀ ನದಿ ಕಿರಿದಾದ ಕಲ್ಲಿನ ಸಂದಿಗೆ ನುಗ್ಗುವ ರಭಸ. ಒಂದನ್ನೇ ನೋಡುವುದಾದರೆ ಅದನ್ನು ನೋಡಿ.

ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೇನು ಗತಿ?

ಬುತ್ತಿಯೇ ಗತಿ. ಪಾರ್ಕ್‌ವೇಯಲ್ಲಿ ತಿನ್ನಲು ಸಿಗುವುದು ಬೋ ಕೆರೆ, ಕ್ರಾಸಿಂಗ್, ಐಸ್‌ಫೀಲ್ಡ್ ಕೇಂದ್ರ, ಸುನ್ವಾಪ್ಟಾ ಈ ನಾಲ್ಕೈದು ಕಡೆ ಮಾತ್ರ. ಸಸ್ಯಾಹಾರವೆಂದರೆ ಬಹುತೇಕ ಫ್ರೆಂಚ್ ಫ್ರೈಸ್, ಚೀಸ್ ಸ್ಯಾಂಡ್‌ವಿಚ್. ಕ್ಯಾಲ್ಗರಿಯ ಈಶಾನ್ಯ ಭಾಗದಲ್ಲಿ ಭಾರತೀಯ ದಿನಸಿ ಅಂಗಡಿಗಳು ಬೇಕಾದಷ್ಟಿವೆ: ಚಪಾತಿ, ಮೊಸರು, ಉಪ್ಪಿನಕಾಯಿ ಅಲ್ಲೇ ಕೊಳ್ಳಿ. ಊರಿಂದ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ತಂದರೆ ಸಾಕು. ವಿಮಾನ ಇಳಿದಾಗ ತಿಂಡಿಯೆಲ್ಲವನ್ನೂ ಕಸ್ಟಮ್ಸ್‌ನಲ್ಲಿ ಘೋಷಿಸಿ. ಘೋಷಿಸಿದ ಪುಡಿಗೆ ತಕರಾರು ಅಪರೂಪ, ಬಚ್ಚಿಟ್ಟದ್ದಕ್ಕೆ ದಂಡ. ಹಸಿ ಹಣ್ಣು, ಸೊಪ್ಪು, ಬೀಜದ ತಂಟೆ ಬೇಡ.

ಒಂದು ಎಚ್ಚರಿಕೆ: ಉಂಡ ಮೇಲೆ ಮೇಜಿನ ಮೇಲೆ ಡಬ್ಬಿ ಬಿಟ್ಟು ಫೋಟೋಗೆ ಹೋಗಬೇಡಿ. ತಿಂಡಿ, ಕೂಲರ್, ಎಂಜಲು ತಟ್ಟೆ ಎಲ್ಲವೂ ಕಾರಿನೊಳಗೆ. ಅಳಿಲಿಗೆ ಒಂದು ಕಾಳು ಹಾಕುವುದೂ ಅಪರಾಧ. ಕಾಡುಪ್ರಾಣಿಗೆ ತಿನಿಸು ಕೊಟ್ಟವರಿಗೆ ಕಾನೂನಿನಲ್ಲಿ 25,000 ಡಾಲರ್‌ವರೆಗೆ ದಂಡವಿದೆ.

ರಾತ್ರಿ ಎಲ್ಲಿ ಉಳಿಯೋದು? ಜಾಸ್ಪರ್‌ನಲ್ಲಿ ಬೆಂಕಿ ಬಿದ್ದಿತ್ತಲ್ಲ?

2024ರ ಜುಲೈನ ಕಾಡ್ಗಿಚ್ಚಿನಲ್ಲಿ ಜಾಸ್ಪರ್ ಪೇಟೆಯ ಸುಮಾರು ಮೂರನೇ ಒಂದು ಭಾಗ ಕಟ್ಟಡಗಳು ಸುಟ್ಟುಹೋದವು. ಪೇಟೆ ಮತ್ತೆ ತೆರೆದಿದೆ, ಪ್ರವಾಸಿಗಳು ಬರಲಿ ಎಂದೇ ಅಲ್ಲಿಯವರ ಆಸೆ. ಆದರೆ ರೂಮು ಕಡಿಮೆ. ಜುಲೈ–ಆಗಸ್ಟ್‌ಗಾದರೆ ಐದಾರು ತಿಂಗಳ ಮುಂಚೆಯೇ ಹಿಡಿಯಿರಿ. ಐಸ್‌ಫೀಲ್ಡ್ ಕೇಂದ್ರದ ಮೇಲಂತಸ್ತಿನಲ್ಲೂ ವಸತಿಯಿದೆ. ತುಟ್ಟಿ, ಆದರೆ ಬೆಳಗಿನ ನಡಿಗೆಗೆ ಹಾಸಿಗೆಯಿಂದ ಎದ್ದು ಬಂದರಾಯಿತು. ಅಗ್ಗದ್ದು ಬೇಕಿದ್ದರೆ ದಾರಿಯಲ್ಲಿ ಹಾಸ್ಟೆಲುಗಳಿವೆ, ಮೊಸ್ಕಿಟೊ ಕ್ರೀಕ್, ರ‍್ಯಾಂಪಾರ್ಟ್ ಕ್ರೀಕ್ ಮುಂತಾದೆಡೆ. ಕಾಡಿನ ಗುಡಿಸಲಿನ ಬದುಕು, ಪಂಚತಾರಾ ಸ್ನಾನದ ಮನೆ ನಿರೀಕ್ಷಿಸಬೇಡಿ.

ರಸ್ತೆಯಲ್ಲಿ ಕರಡಿ ಕಂಡರೆ?

ಕಾರಿಂದ ಇಳಿಯಬೇಡಿ. ನಿಧಾನಿಸಿ, ಸುರಕ್ಷಿತವಾಗಿ ಬದಿಗೆ ನಿಲ್ಲಿಸಲು ಆಗದಿದ್ದರೆ ಹಾಗೇ ಮುಂದೆ ಹೋಗಿ. ಕರಡಿ, ತೋಳಗಳಿಂದ 100 ಮೀ., ಎಲ್ಕ್, ಜಿಂಕೆ, ಬೆಟ್ಟದ ಕುರಿಗಳಿಂದ 30 ಮೀ. ದೂರವಿರಬೇಕು ಎಂಬುದು ನಿಯಮ. ಪಾರ್ಕರ್ ರಿಡ್ಜ್‌ನಂಥ ಕಾಲುದಾರಿಗೆ ಕರಡಿ ಸ್ಪ್ರೇ ಬೇಕು, ಅದನ್ನು ಚೀಲದೊಳಗಲ್ಲ, ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ವಿಮಾನದಲ್ಲಿ ಒಯ್ಯುವಂತಿಲ್ಲ, ಇಲ್ಲೇ ಕೊಂಡು ಇಲ್ಲೇ ಬಿಟ್ಟುಹೋಗಿ.

ಹೋಗ್ತಾ ಮೊರೇನ್ ಲೇಕ್ ನೋಡ್ಕೊಂಡು ಹೋಗೋಣ ಅಂತ. ಆಗುತ್ತಾ?

ಸ್ವಂತ ಕಾರಲ್ಲಿ ಆಗದು. 2023ರಿಂದ ಆ ರಸ್ತೆಗೆ ಖಾಸಗಿ ವಾಹನ ಬಿಡುವುದಿಲ್ಲ. ಪಾರ್ಕ್ಸ್ ಕೆನಡಾದ ಷಟಲ್ ಬಸ್ಸಿಗೆ ಸೀಟು ಕಾದಿರಿಸಬೇಕು: ಒಂದು ಪಾಲು ಏಪ್ರಿಲ್‌ನಲ್ಲೇ ತೆರೆಯುತ್ತದೆ, ಉಳಿದದ್ದು ಪ್ರಯಾಣಕ್ಕೆ ಎರಡು ದಿನ ಮುಂಚೆ ಅಲ್ಲಿಯ ಸಮಯ ಬೆಳಿಗ್ಗೆ 8ಕ್ಕೆ. ಹಿಮನದಿ ನಡಿಗೆಯ ದಿನವೇ ಇದನ್ನೂ ತುರುಕಬೇಡಿ.

## ಮಂಜುಗಡ್ಡೆಯ ಮೇಲೆ

ನಡಿಗೆ ಎಷ್ಟು ಹೊತ್ತಿನದು? ಯಾವುದನ್ನ ಬುಕ್ ಮಾಡಲಿ?

ಎರಡು ಬಗೆ. ಸಣ್ಣದು ಸುಮಾರು 3 ಗಂಟೆ: ಕಲ್ಲುಮಣ್ಣಿನ ದಿಬ್ಬ ದಾಟಿ ಹಿಮನದಿಯ ಕೆಳಭಾಗದಲ್ಲಿ ಅಡ್ಡಾಡಿ ಬರುವುದು. ದೊಡ್ಡದು 5ರಿಂದ 6 ಗಂಟೆ: ಮೇಲಿಂದ ಮಂಜುಗಡ್ಡೆ ಮೆಟ್ಟಿಲುಮೆಟ್ಟಿಲಾಗಿ ಒಡೆದು ಇಳಿಯುವ ಜಾಗದ ಕಡೆಗೆ ಹೋಗುವುದು. ವಾರಕ್ಕೆರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಅಭ್ಯಾಸವಿದ್ದವರಿಗೆ ಸಣ್ಣದು ನೀರು ಕುಡಿದಷ್ಟು ಸುಲಭ, ದೊಡ್ಡದೂ ಸಾಧ್ಯ.

ಜುಲೈ–ಆಗಸ್ಟ್‌ಗೆ ಎರಡು ತಿಂಗಳ ಮುಂಚೆ ಬುಕ್ ಮಾಡಿ. ದೃಢೀಕರಣದ ಪತ್ರದಲ್ಲಿ ಸೇರುವ ಜಾಗ ಯಾವುದೆಂದು ಓದಿಕೊಳ್ಳಿ. ಕೇಂದ್ರದ ಪಾರ್ಕಿಂಗ್ ಬೇರೆ, ಹಿಮನದಿ ಬುಡದ ಪಾರ್ಕಿಂಗ್ ಬೇರೆ, ನಡುವೆ ಹೆದ್ದಾರಿ. ತಪ್ಪಾದ ಪಾರ್ಕಿಂಗಿನಲ್ಲಿ ನಿಂತು ಗುಂಪು ತಪ್ಪಿಸಿಕೊಂಡವರು ಬಹಳ. ಅರ್ಧ ಗಂಟೆ ಮುಂಚೆ ಇರಿ. ಗುಂಪು ಹೊರಟ ಮೇಲೆ ಓಡಿಹೋಗಿ ಸೇರಿಕೊಳ್ಳಲು ಬಿಡುವುದಿಲ್ಲ, ಹಣವೂ ವಾಪಸಿಲ್ಲ. ತಡವಾಗುತ್ತಿದೆ ಎಂದು ಫೋನ್ ಮಾಡೋಣವೆಂದರೆ ಸಿಗ್ನಲ್ ಇಲ್ಲವಲ್ಲ. ಶೌಚಾಲಯ ಮೊದಲೇ ಮುಗಿಸಿ, ಮೇಲೆ ಏನೂ ಇಲ್ಲ.

ಏನು ಹಾಕ್ಕೊಳ್ಳಲಿ? ಜೀನ್ಸ್, ಸ್ಪೋರ್ಟ್ಸ್ ಶೂ ಸಾಕಾ?

ಸಾಲದು. ಜೀನ್ಸ್ ಹತ್ತಿಯದು, ಒದ್ದೆಯಾದರೆ ಒಣಗುವುದಿಲ್ಲ, ಮೈಯ ಬಿಸಿ ಹೀರುತ್ತದೆ. ಐಸ್‌ಫೀಲ್ಡ್‌ನ ತಣ್ಣನೆಯ ಭಾರದ ಗಾಳಿ ಹಿಮನದಿಯುದ್ದಕ್ಕೂ ಕೆಳಗೆ ಜಾರಿ ಬರುತ್ತಲೇ ಇರುತ್ತದೆ. ಜಾಸ್ಪರ್ ಪೇಟೆಯಲ್ಲಿ 25 ಡಿಗ್ರಿ ಇದ್ದ ದಿನವೂ ಮೇಲೆ 5–8 ಡಿಗ್ರಿ ಇರಬಹುದು.

ಮೈಗೆ ಬೆವರು ಹೀರುವ ಸಿಂಥೆಟಿಕ್ ಅಥವಾ ಉಣ್ಣೆಯ ಬನಿಯನ್, ಅದರ ಮೇಲೆ ಫ್ಲೀಸ್, ಎಲ್ಲದರ ಮೇಲೆ ಗಾಳಿ-ಮಳೆ ತಡೆಯುವ ಜಾಕೆಟ್. ಕಾಲಿಗೆ ಬೇಗ ಒಣಗುವ ಪ್ಯಾಂಟು, ಹರಿದಾಡುವ ಅಗಲದ ಪ್ಯಾಂಟು ಬೇಡ, ಮುಳ್ಳಿಗೆ ಸಿಕ್ಕುತ್ತದೆ. ದುಪಟ್ಟಾ, ಉದ್ದದ ಶಾಲು ಕಾರಿನಲ್ಲೇ ಇರಲಿ. ಕಣಕಾಲು ಮುಚ್ಚುವ ಗಟ್ಟಿ ಅಟ್ಟೆಯ ಬೂಟು ಬೇಕು: ಮೆತ್ತನೆಯ ಅಟ್ಟೆ ಬಾಗಿದಾಗ ಮುಳ್ಳುಪಟ್ಟಿ ಸಡಿಲಾಗಿ ಕಳಚುತ್ತದೆ. ಕೆಲವು ಸಂಸ್ಥೆಗಳು ಬೂಟು, ಜಾಕೆಟ್ ಕೊಡುತ್ತವೆ, ಕೇಳಿ ನೋಡಿ. ಆಗಸ್ಟ್ ಆದರೂ ಕೈಗವಸು ಬೇಕು, ಚಳಿಗಷ್ಟೇ ಅಲ್ಲ: ಬಿದ್ದಾಗ ಕೈ ಊರುತ್ತೀರಿ, ಮಂಜುಗಡ್ಡೆಯ ಮೇಲ್ಮೈ ಉಪ್ಪುಕಾಗದದಂತೆ ತರಚುತ್ತದೆ. ತಂಪು ಕನ್ನಡಕ ಕಡ್ಡಾಯ. ಸನ್‌ಸ್ಕ್ರೀನನ್ನು ಗಲ್ಲದ ಅಡಿಗೆ, ಮೂಗಿನ ಹೊಳ್ಳೆಯ ಕೆಳಗೂ ಹಚ್ಚಿ, ಬಿಸಿಲು ಕೆಳಗಿನಿಂದಲೂ ಬರುತ್ತದೆ. ಒಂದು ಲೀಟರ್ ನೀರು, ಒಂದು ಹಿಡಿ ಒಣಹಣ್ಣು. ಫೋನಿಗೆ ಕೊರಳದಾರ ಕಟ್ಟಿ. ಬಿರುಕಿಗೆ ಬಿದ್ದ ಫೋನನ್ನು ಗೈಡ್ ತೆಗೆದುಕೊಡುವುದಿಲ್ಲ.

ಕ್ರ್ಯಾಂಪಾನ್ ಹಾಕ್ಕೊಂಡು ನಡೆಯೋದು ಹೇಗೆ?

ಬೂಟಿನಡಿಗೆ ಕಟ್ಟುವ ಉಕ್ಕಿನ ಹಲ್ಲುಗಳ ಪಟ್ಟಿ ಅದು. ಗೈಡ್ ಕಟ್ಟಿಸಿ ತೋರಿಸುತ್ತಾರೆ. ಪಟ್ಟಿಯ ಉಳಿದ ತುದಿಯನ್ನು ಒಳಗೆ ಸಿಕ್ಕಿಸಿ, ನೇತಾಡಲು ಬಿಟ್ಟರೆ ಇನ್ನೊಂದು ಕಾಲು ಅದನ್ನೇ ತುಳಿಯುತ್ತದೆ.

ಎರಡು ಪಾದಗಳ ನಡುವೆ ಒಂದು ಗೇಣು ಬಿಟ್ಟು ನಡೆಯಿರಿ. ಪಾದವನ್ನು ಎಳೆಯದೆ ಎತ್ತಿ, ಎಲ್ಲ ಹಲ್ಲೂ ಒಟ್ಟಿಗೆ ಕಚ್ಚುವಂತೆ ಚಪ್ಪಟೆಯಾಗಿ ಇಡಿ. ಹಿಮ್ಮಡಿ ಮೊದಲು ಊರುವ ನಮ್ಮ ದಿನದ ನಡಿಗೆ ಇಲ್ಲಿ ಜಾರಿಸುತ್ತದೆ. ಬೀಳುವುದು ಹೆಚ್ಚಾಗಿ ಇಳಿಯುವಾಗ, ಹೆದರಿ ಹಿಂದಕ್ಕೆ ವಾಲಿದಾಗ. ಮೊಣಕಾಲು ಸ್ವಲ್ಪ ಬಗ್ಗಿಸಿ, ಭಾರವನ್ನು ಪಾದದ ಮೇಲೇ ಇಟ್ಟು, ಹೆಜ್ಜೆ ಚಿಕ್ಕದು ಮಾಡಿ. ಗೈಡ್ ಇಟ್ಟ ಹೆಜ್ಜೆಯಲ್ಲೇ ಸಾಲಾಗಿ ನಡೆಯಿರಿ. ಸೆಲ್ಫಿಗೆಂದು ಸಾಲಿನಿಂದ ಎರಡು ಹೆಜ್ಜೆ ಪಕ್ಕಕ್ಕೆ ಹೋಗುವುದಕ್ಕೇ ಅವರು ಗದರುವುದು.

ಕಣ್ಣೆದುರೇ ಇದೆ, ಜನ ನಡೀತಾನೂ ಇದ್ದಾರೆ. ಗೈಡ್ ಯಾಕೆ ಬೇಕು?

ಬುಡದವರೆಗಿನ ಕಾಲುದಾರಿಗೆ ಯಾರೂ ಬೇಡ. ಅದರ ಕೊನೆಗೆ ಹಗ್ಗ ಕಟ್ಟಿ ಎಚ್ಚರಿಕೆ ಫಲಕ ಹಾಕಿದ್ದಾರೆ, ನೀವು ನಿಲ್ಲಬೇಕಾದ್ದು ಅಲ್ಲಿ. ಹಗ್ಗ ದಾಟಿ ಹೋದವರು ಇಲ್ಲಿ ಬಿರುಕಿಗೆ ಬಿದ್ದು ಸತ್ತಿದ್ದಾರೆ.

ಬಿರುಕು ಬಾಯಲ್ಲಿ ಅಗಲ, ಕೆಳಗೆ ಹೋದಂತೆ ಕಿರಿದು. ಬಿದ್ದವರು ಬೆಣೆಯಂತೆ ಸಿಕ್ಕಿಕೊಳ್ಳುತ್ತಾರೆ. ಮೈಯ ಬಿಸಿಗೆ ಸುತ್ತಲ ಮಂಜುಗಡ್ಡೆ ಕರಗಿ ಇನ್ನೂ ಕೆಳಕ್ಕೆ ಜಾರುತ್ತಾರೆ. ಮೇಲಿಂದ ಕರಗಿದ ನೀರು ಸುರಿಯುತ್ತಿರುತ್ತದೆ. ರಕ್ಷಣಾ ತಂಡ ಬರುವಷ್ಟರಲ್ಲಿ ಚಳಿಯೇ ಜೀವ ತೆಗೆಯುತ್ತದೆ. ಬೇಸಿಗೆಯ ಮೊದಲ ಭಾಗದಲ್ಲಿ ಇನ್ನೂ ಕೆಟ್ಟದು: ಬಿರುಕಿನ ಬಾಯಿಗೆ ತೆಳು ಹಿಮದ ಮುಚ್ಚಳ ಇರುತ್ತದೆ, ನೋಡಲು ಅಂಗಳದಂತೆ ಸಪಾಟು. ಗೈಡ್‌ಗಳು ಉದ್ದನೆಯ ಕೋಲಿನಿಂದ ಚುಚ್ಚಿ ನೋಡಿ ದಾರಿ ಮಾಡುತ್ತಾರೆ, ಹಗ್ಗ ಜೊತೆಗಿರುತ್ತದೆ, ಮೇಲೆತ್ತುವುದನ್ನು ಕಲಿತಿರುತ್ತಾರೆ. ನೀವು ದುಡ್ಡು ಕೊಡುವುದು ಅದಕ್ಕೆ.

ಮಳೆ ಬಂದರೆ ರದ್ದಾಗುತ್ತಾ?

ಸಾಮಾನ್ಯ ಮಳೆ, ಹಿಮಕ್ಕೆ ರದ್ದಾಗುವುದಿಲ್ಲ. ಗುಡುಗು-ಮಿಂಚು, ಕಣ್ಣು ಕಾಣದಷ್ಟು ಮಂಜು, ರಸ್ತೆ ಬಂದ್ ಆದರೆ ಅವರೇ ರದ್ದು ಮಾಡಿ ಹಣ ಹಿಂದಿರುಗಿಸುತ್ತಾರೆ ಅಥವಾ ಬೇರೆ ದಿನ ಕೊಡುತ್ತಾರೆ. ‘ಮೋಡ ಇದೆ, ಬೇಡ’ ಎಂದು ನೀವೇ ಬಿಟ್ಟರೆ ಹಣ ಹೋಯಿತು. ಮೋಡದ ದಿನ ಬಿರುಕುಗಳ ನೀಲಿ ಇನ್ನಷ್ಟು ಚೆನ್ನಾಗಿ ಕಾಣುತ್ತದೆ, ಸುಮ್ಮನೆ ಹೋಗಿ.

## ಇನ್ನೂ ತಿಳಿಯಬೇಕೆನ್ನುವವರಿಗೆ

ಹಿಮನದಿ ನೀಲಿ, ಕೆರೆಗಳು ಹಸಿರು-ನೀಲಿ. ಎರಡಕ್ಕೂ ಕಾರಣ ಒಂದೇನಾ?

ಬೇರೆ ಬೇರೆ. ಹಿಮ ಪದರಪದರವಾಗಿ ಅದುಮಿ ಗಾಳಿಗುಳ್ಳೆಗಳು ಹೊರಟುಹೋದ ಗಟ್ಟಿ ಮಂಜುಗಡ್ಡೆ, ಬೆಳಕಿನ ಕೆಂಪು ಭಾಗವನ್ನು ಹೀರಿಕೊಳ್ಳುತ್ತದೆ. ಆಳಕ್ಕೆ ಹೋಗಿ ಹೊರಬರುವುದು ನೀಲಿ. ಕೆರೆಯ ಬಣ್ಣ ಕಲ್ಲಿನಿಂದ: ಹಿಮನದಿ ಜರುಗುತ್ತಾ ತಳದ ಬಂಡೆಯನ್ನು ನುಣ್ಣನೆ ಹಿಟ್ಟು ಮಾಡುತ್ತದೆ. ಅದು ನೀರಲ್ಲಿ ಮುಳುಗದೆ ತೇಲುತ್ತಾ ಹಸಿರು-ನೀಲಿ ಬೆಳಕನ್ನು ಚೆದುರಿಸುತ್ತದೆ. ಕರಗುವ ನೀರು ಹೆಚ್ಚಿದಷ್ಟೂ ಹಿಟ್ಟು ಹೆಚ್ಚು, ಅದಕ್ಕೇ ಬಣ್ಣ ಬೇಸಿಗೆಯ ನಡುವಿಗೆ ಏರುವುದು.

ಹಿಮನದಿ ಎಷ್ಟು ಸವೆದಿದೆ? ನಮ್ಮ ಮಕ್ಕಳ ಕಾಲಕ್ಕೆ ಇರುತ್ತಾ?

ಬುಡದ ಕಾಲುದಾರಿಯಲ್ಲೇ ಉತ್ತರವಿದೆ. ಹಿಮನದಿಯ ತುದಿ ಯಾವ ವರ್ಷ ಎಲ್ಲಿತ್ತೆಂದು ಇಸವಿ ಬರೆದ ಗುರುತುಗಳನ್ನು ನೆಟ್ಟಿದ್ದಾರೆ. ಕಾರಿಂದ ಇಳಿದು ನಡೆಯುತ್ತಾ ಒಂದೊಂದೇ ಇಸವಿ ದಾಟುತ್ತೀರಿ, ಎರಡು ಗುರುತುಗಳ ನಡುವಿನ ಖಾಲಿ ಜಲ್ಲಿನೆಲವೆಲ್ಲ ಒಂದು ಕಾಲಕ್ಕೆ ಮಂಜುಗಡ್ಡೆ. ಸುಮಾರು 125 ವರ್ಷಗಳಲ್ಲಿ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ, ಗಾತ್ರದಲ್ಲಿ ಅರ್ಧದಷ್ಟು ಕಳೆದುಕೊಂಡಿದೆ. ಈಗ ಉಳಿದದ್ದು ಸುಮಾರು 6 ಕಿ.ಮೀ. ಉದ್ದ. ತುದಿ ಹಿಂದೆ ಹೋಗುತ್ತಿದ್ದರೂ ಮಂಜುಗಡ್ಡೆ ಮಾತ್ರ ಸದಾ ಕೆಳಮುಖವಾಗಿಯೇ ಜರುಗುತ್ತಿರುತ್ತದೆ. ಮೇಲಿಂದ ಬರುವುದಕ್ಕಿಂತ ಕೆಳಗೆ ಕರಗುವುದು ಹೆಚ್ಚು, ಅಷ್ಟೆ. ಈ ಶತಮಾನದ ಕೊನೆಗೆ ಇದು ಬಹುಪಾಲು ಇಲ್ಲವಾಗಬಹುದು ಎಂಬುದು ವಿಜ್ಞಾನಿಗಳ ಅಂದಾಜು.

ಇದರ ನೀರು ಎಲ್ಲಿಗೆ ಹೋಗುತ್ತದೆ ಎಂಬುದೂ ಗಮನಿಸುವಂಥದ್ದು. ಮೇಲಿನ ಕೊಲಂಬಿಯಾ ಹಿಮಹರವಿನಿಂದ ಒಂದು ಪಾಲು ಅಥಬಾಸ್ಕಾ ನದಿಯಾಗಿ ಆರ್ಕ್‌ಟಿಕ್‌ಗೆ, ಒಂದು ಸಸ್ಕಾಚೆವಾನ್ ನದಿಯಾಗಿ ಹಡ್ಸನ್ ಕೊಲ್ಲಿಗೆ, ಒಂದು ಕೊಲಂಬಿಯಾ ನದಿಯಾಗಿ ಪೆಸಿಫಿಕ್‌ಗೆ.

ಕೇದಾರಕಂಠ, ಸರ್‌ಪಾಸ್ ಟ್ರೆಕ್ ಮಾಡಿದ್ದೀವಿ. ಇದಕ್ಕಿಂತ ಕಷ್ಟದ್ದು ಏನಾದ್ರೂ ಇದೆಯಾ?

ಆ ಅನುಭವ ಕಾಲಿಗೆ, ಉಸಿರಿಗೆ ಉಪಯೋಗ. ಆದರೆ ಅವು ಹಿಮದ ಮೇಲಿನ ಚಾರಣ, ಬಿರುಕಿರುವ ಹಿಮನದಿಯ ಮೇಲಿನ ನಡಿಗೆ ಅಲ್ಲ. ಮುಂದಿನ ಹಂತವೆಂದರೆ ಹಿಮನದಿ ಪ್ರಯಾಣ ಮತ್ತು ಬಿರುಕಿನಿಂದ ಮೇಲೆತ್ತುವ ವಿದ್ಯೆ ಕಲಿಸುವ ತರಬೇತಿ. ಅದಾದ ಮೇಲೆ ಪಕ್ಕದ 3,491 ಮೀ. ಎತ್ತರದ ಅಥಬಾಸ್ಕಾ ಶಿಖರ, ಅದೂ ಕೆನಡಾದ ಪರ್ವತ ಗೈಡ್‌ಗಳ ಸಂಘ ಎಸಿಎಂಜಿಯ ಪ್ರಮಾಣಪತ್ರವಿರುವವರ ಜೊತೆ. ಶಿಖರಕ್ಕೆ ನಡುರಾತ್ರಿ ಕಳೆದ ಮೇಲೆ ಹೊರಡುತ್ತಾರೆ, ಬಿಸಿಲಿಗೆ ಹಿಮ ಮೆತ್ತಗಾಗುವ ಮೊದಲು ಇಳಿದುಬಿಡಬೇಕು.

ಡ್ರೋನ್ ತರಬಹುದಾ?

ರಾಷ್ಟ್ರೀಯ ಉದ್ಯಾನದೊಳಗೆ ಹಾರಿಸುವಂತಿಲ್ಲ, ದಂಡ ದೊಡ್ಡದು. ಮನೆಯಲ್ಲೇ ಬಿಟ್ಟುಬನ್ನಿ.

ಡಿಸೆಂಬರ್‌ನಲ್ಲಿ ಅಣ್ಣನ ಮನೆಗೆ ಬರ್ತಿದ್ದೀವಿ. ಆಗ ಈ ದಾರಿ ಓಡಿಸಬಹುದಾ?

ರಸ್ತೆ ತೆರೆದಿರುತ್ತದೆ, ಆದರೆ ಅದು ಬೇರೆಯದೇ ರಸ್ತೆ. ಹಿಮದ ಟೈರ್ ಕಡ್ಡಾಯ. ಬಾಡಿಗೆ ಕಾರಿಗೆ ಅದು ತಾನಾಗಿ ಬರುವುದಿಲ್ಲ, ಬುಕ್ ಮಾಡುವಾಗಲೇ ಕೇಳಬೇಕು. ನಡುವಿನ ಬಂಕ್, ಹೋಟೆಲು ಮುಚ್ಚಿರುತ್ತವೆ. ಹಿಮ ಗುಡಿಸುವ ಗಾಡಿ ಹಗಲು ಮಾತ್ರ ಬರುತ್ತದೆ. ಹಿಮಕುಸಿತದ ಭಯವಿದ್ದಾಗ ರಸ್ತೆಯನ್ನು ದಿನಗಟ್ಟಲೆ ಮುಚ್ಚುವುದೂ ಉಂಟು. ಹೊತ್ತು ಸಂಜೆ ನಾಲ್ಕೂವರೆಗೆಲ್ಲ ಮುಳುಗುತ್ತದೆ. ಹಿಮದಲ್ಲಿ ಓಡಿಸಿ ಗೊತ್ತಿಲ್ಲದವರು ಲೇಕ್ ಲೂಯಿಸ್‌ನಿಂದ ಬೋ ಕೆರೆವರೆಗೆ, ಅದೂ ಬಿಸಿಲಿದ್ದ ದಿನ, ಹಿಮದ ರಸ್ತೆ ಗೊತ್ತಿರುವ ಅಣ್ಣನ ಕೈಗೆ ಸ್ಟಿಯರಿಂಗ್ ಕೊಟ್ಟು ಹೋಗಿಬನ್ನಿ. ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಇರಲಿ.